ಕುಂಬಳಕ್ಕೆ ಮೊದಲ ಕತ್ತಿ

ಸಿಹಿಗುಂಬಳ ಕೊಳ್ಳುವವರು ಮೊದಲು ತೊಟ್ಟು ನೋಡಬೇಕು. ತೊಟ್ಟು ಒಣಗಿ ಕಟ್ಟಿಗೆಯ ಹಾಗೆ ಗಟ್ಟಿಯಾಗಿದ್ದರೆ ಕಾಯಿ ಬಳ್ಳಿಯಲ್ಲೇ ಬಲಿತದ್ದು. ಹಸಿಯಾಗಿದ್ದರೆ ಯಾರೋ ಅವಸರದಲ್ಲಿ ಕಿತ್ತು ತಂದದ್ದು. ತೊಟ್ಟೇ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ, ಕೊಳೆಯುವುದು ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಉಗುರು ಒತ್ತಿ ನೋಡಿ, ಇಳಿಯಬಾರದು. ಮೈಮೇಲೆ ಬೂದಿ ಹಚ್ಚಿದಂಥ ಬಿಳಿ ಹುಡಿ ಇದ್ದರೆ ಒಳ್ಳೆಯದು. ಕೊನೆಗೆ ಕಾಯಿಯನ್ನು ತಿರುಗಿಸಿ ನೆಲಕ್ಕೆ ತಾಗಿದ ಮಗ್ಗುಲನ್ನು ನೋಡಿ. ಮಾರುವವರು ಯಾವಾಗಲೂ ಚಂದದ ಮಗ್ಗುಲನ್ನು ನಮ್ಮ ಕಡೆ ಮಾಡಿ ಇಡುತ್ತಾರೆ. ಗಾಯ, ಗೀರು, ಹುಳ ಕೊರೆದ ತೂತು ಏನಿದ್ದರೂ ಅಡಿಯಲ್ಲಿ.

ಸಿದ್ಧಕಟ್ಟೆ ಕಡೆಯ ಸಂತೆಯಲ್ಲಿ ತರಕಾರಿ ಮಾರುವವರಿಗೆ ನನ್ನ ಈ ಅಭ್ಯಾಸ ಗೊತ್ತು. ನಾನು ಬಂದೆ ಎಂದರೆ ಮುಖ ತಿರುಗಿಸುತ್ತಾರೆ. ಒಮ್ಮೆ ಒಂದು ಕಾಯಿಯ ಅಡಿಯಲ್ಲಿದ್ದ ಸಣ್ಣ ಗೀರಿನ ಮೇಲೆ ಬೆರಳಿಟ್ಟು, "ಇದು ಆಟಿ ತಿಂಗಳ ಮಳೆಯವರೆಗೆ ನಿಲ್ಲುವ ಕಾಯಿಯಾ ಮಾರಾಯ್ರೆ?" ಎಂದೆ. ಮಾರುವವನು ಕೈ ಮುಗಿದು, "ಅಕ್ಕಾ, ನಿಮಗೆ ಗೀರು ಇಲ್ಲದ್ದೇ ಆಗ್ಬೇಕಾದ್ರೆ ಪ್ಲಾಸ್ಟಿಕಿನದ್ದು ತೆಕ್ಕೊಳ್ಳಿ. ಕೊದ್ದೆಲಿಗೆ ಪರಿಮಳ ಬರ್ಲಿಕ್ಕಿಲ್ಲ, ಅಷ್ಟೆ" ಎಂದ. ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಗೀರಿನ ಹೆಸರಿನಲ್ಲೇ ಕಾಯಿಯನ್ನು ನನಗೆ ಬೇಕಾದ ಬೆಲೆಗೆ ಇಳಿಸಿಕೊಂಡು ಬಂದೆ. ಗೀರು ಎಂದರೆ ನನಗೆ ಆಗ ಅಷ್ಟೇ ಆಗಿತ್ತು, ಚೌಕಾಶಿಗೆ ಸಿಗುವ ಒಂದು ಹಿಡಿಕೆ.

ನಾನು ಹುಟ್ಟಿದ್ದು ಮಾಣಿ ಎಂಬ ಊರಿನ ಹತ್ತಿರ. ಬೀಡಿ ಕಟ್ಟಿ ಬೆಳೆದವಳು. ಮದುವೆಯಾದ ಮೇಲೆ ಮದುವೆ ಮುಂಜಿಯಂಥ ಜಂಬರದ ಮನೆಗಳಲ್ಲಿ ತೆಂಗಿನಕಾಯಿ ತುರಿದೆ, ಪಾತ್ರೆ ತೊಳೆದೆ, ಅಡುಗೆಯವರ ಕೈಯನ್ನು ನೋಡಿ ನೋಡಿ ಕಲಿತೆ. ಈಗ ಮೂಡುಬಿದಿರೆಯಲ್ಲಿ ನನ್ನದೇ ಒಂದು ಊಟದ ಅಂಗಡಿ ಉಂಟು. ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ, ಒಂದು ಸಾರು, ಒಂದು ಪದಾರ್ಥ. ಮಳೆಗಾಲದಲ್ಲಿ ಸಿಹಿಗುಂಬಳದ ಕೊದ್ದೆಲ್, ಅಂದರೆ ಬೆಳ್ಳುಳ್ಳಿ ಒಗ್ಗರಣೆಯ ಹುಳಿ, ಇದೆ ಎಂದು ಗೊತ್ತಾದರೆ ಕಚೇರಿಯವರು ಬುತ್ತಿ ಬಿಟ್ಟು ಬರುತ್ತಾರೆ. ನಾವು ತುಳುವಿನಲ್ಲಿ ಕೆಂಬುಡೆ ಎನ್ನುತ್ತೇವೆ, ಕೆಲವು ಮನೆಗಳಲ್ಲಿ ಚೀನಿಕಾಯಿ ಎನ್ನುತ್ತಾರೆ. ಹೆಸರು ಯಾವುದಾದರೂ ಸರಿ, ಸಿಪ್ಪೆ ಮಾತ್ರ ತೆಗೆಯಬೇಡಿ. ಸಿಪ್ಪೆ ತೆಗೆದ ಹೋಳು ಬೆಂದಾಗ ಕರಗಿ ಗಂಜಿಯಾಗುತ್ತದೆ. ಬೀಜದ ಸುತ್ತ ಇರುವ ನಾರನ್ನೂ ಬಿಸಾಡಬೇಡಿ, ದೋಸೆಯ ಅಕ್ಕಿಯ ಜೊತೆ ರುಬ್ಬಿದರೆ ದೋಸೆ ಮೆತ್ತಗೆ ಬರುತ್ತದೆ.

ನಮ್ಮ ಕಡೆ ಹಳೆಯ ಮನೆಗಳಲ್ಲಿ ಒಂದು ಕ್ರಮ ಉಂಟು. ಇಡೀ ಕುಂಬಳಕ್ಕೆ ಹೆಂಗಸು ಮೊದಲ ಕತ್ತಿ ಇಡುವಂತಿಲ್ಲ. ಗಂಡಸು ಒಂದು ಸಲ ಕತ್ತಿ ಇಳಿಸಿ ಕೊಡಬೇಕು, ಅಲ್ಲಿಂದ ಮುಂದೆ ಹೆಂಗಸಿನ ಕೆಲಸ. ಯಾಕೆ ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ರಾಣಿಯ ಬದಲಿಗೆ ಬಲಿ ಕೊಡುವ ಕಾಯಿ, ಅದಕ್ಕೆ ಜೀವದ ಲೆಕ್ಕ ಉಂಟು ಎನ್ನುವವರೇ ಹೆಚ್ಚು. ಅಪ್ಪ ಮನೆಯಲ್ಲಿಲ್ಲದ ದಿನ ನಮ್ಮ ಅಮ್ಮ ಕುಂಬಳವನ್ನು ಸೊಂಟದ ಮೇಲೆ ಕೂರಿಸಿಕೊಂಡು ರಸ್ತೆಯ ಬದಿಗೆ ಹೋಗುತ್ತಿದ್ದಳು. ದಾರಿಯಲ್ಲಿ ಹೋಗುವ ಯಾವ ಗಂಡಸಾದರೂ ಆಗುತ್ತಿತ್ತು. ಒಂದು ಏಟು ಹಾಕಿಸಿಕೊಂಡು ಬಂದು ಒಲೆ ಹಚ್ಚುತ್ತಿದ್ದಳು. ನಾನು ಅಂಗಡಿ ಇಟ್ಟ ಮೇಲೆ ಆ ಕ್ರಮವನ್ನು ಬಿಟ್ಟೆ. ಗಂಡಸು ಬರಲಿ ಎಂದು ಕಾದರೆ ಗಿರಾಕಿಗಳು ಕೈ ತೊಳೆದು ಆಚೆ ಅಂಗಡಿಗೆ ಹೋಗುತ್ತಾರೆ.

ನನ್ನ ತಂಗಿಯನ್ನು ಕೊಟ್ಟದ್ದು ಬೆಳ್ತಂಗಡಿಯಿಂದ ಇನ್ನೂ ಒಳಗೆ, ಘಟ್ಟದ ಬುಡದ ಒಂದು ಊರಿಗೆ. ಗದ್ದೆಯ ಅಂಚಿನಲ್ಲಿ ಸಣ್ಣ ಹೆಂಚಿನ ಮನೆ. ಮಕ್ಕಳಾಗಲಿಲ್ಲ. ಮನೆಯಲ್ಲಿ ಅವಳು, ಅವಳ ಗಂಡ, ಗಂಡನ ತಾಯಿ. ಆ ತಾಯಿಯನ್ನು ತಂಗಿ ಅತ್ತೆ ಎನ್ನುವುದರಿಂದ ನಾನೂ ಅತ್ತೆ ಎಂದೇ ಕರೆಯುವುದು.

ತಂಗಿಯ ಗಂಡ ಹೆಚ್ಚು ಮಾತಿನವರಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ತರಕಾರಿ ಹಾಕುವುದೆಂದರೆ ಅವರಿಗೆ ಪ್ರಾಣ. ಹೊರಗಿನ ಬೀಜ ತರುತ್ತಿರಲಿಲ್ಲ. ಅವರ ಮನೆಯದ್ದೇ ಒಂದು ಕುಂಬಳದ ತಳಿ ಇತ್ತು. ಅಗಲ ಕಡಿಮೆ, ಎತ್ತರ ಜಾಸ್ತಿ, ಒಳಗೆ ಅರಸಿನದಂಥ ಬಣ್ಣ. ಒಮ್ಮೆ ಅದನ್ನು ನನ್ನ ಅಂಗಡಿಗೆ ಮಾತ್ರ ಕೊಡಬೇಕೆಂದು ನಾನು ಬಗೆಬಗೆಯಾಗಿ ಕೇಳಿದೆ. ಅವರು ನಗುತ್ತಲೇ, "ನಿಮಗೆ ಒಂದು ಕಾಯಿ ಸುಮ್ಮನೆ ಕೊಡ್ತೇನೆ ಅಕ್ಕ, ವ್ಯಾಪಾರ ಮಾತ್ರ ಬೇಡ. ನಿಮ್ಮ ಹತ್ರ ಗೆದ್ದವರನ್ನು ನಾನು ಕಂಡದ್ದಿಲ್ಲ" ಎಂದರು.

ಈ ವರ್ಷ ಗದ್ದೆಯಲ್ಲಿ ಕಾಯಿಗಳು ತೆಂಗಿನಕಾಯಿಯಷ್ಟಾಗಿದ್ದಾಗ ಅವರು ಹೋದರು. ಬೆಳಿಗ್ಗೆ ನೀರು ಹಾಕಿ ಬಂದು, ಎದೆ ಹಿಡಿದ ಹಾಗೆ ಆಗ್ತದೆ ಎಂದು ಜಗಲಿಯಲ್ಲಿ ಕೂತವರು ಏಳಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿಯಿತು, ನೆಂಟರು ಹೋದರು. ಬಳ್ಳಿಗಳಿಗೆ ನೀರು ಹಾಕಿದ್ದು ತಂಗಿ. ಕಾಯಿ ಬಲಿತ ಮೇಲೆ ಕೊಯ್ದು ಅಟ್ಟಕ್ಕೆ ಏರಿಸಿ ಹುಲ್ಲಿನ ಮೇಲೆ ಇಟ್ಟದ್ದೂ ಅವಳೇ.

ಅದಾದ ಮೇಲೆ ಅಲ್ಲಿ ನಡೆಯುತ್ತಿದ್ದದ್ದು ನನಗೆ ತುಂಬ ತಡವಾಗಿ ಗೊತ್ತಾಯಿತು. ಫೋನು ಮಾಡಿದಾಗಲೆಲ್ಲ ತಂಗಿ, "ಊಟ ಆಯ್ತು ಅಕ್ಕ" ಎನ್ನುತ್ತಿದ್ದಳು. ಏನು ಊಟ ಎಂದು ನಾನು ಕೇಳಲಿಲ್ಲ. ಊಟ ಮಾರುವ ನಾನು ಅದೊಂದನ್ನು ಕೇಳಬೇಕಿತ್ತು. ಸೆಕೆ ಜೋರಾಗಿದ್ದ ಒಂದು ದಿನ ಫೋನಿನಲ್ಲಿ ಅವಳ ಸ್ವರ ಬದಲಾಗಿತ್ತು. "ಅತ್ತೆಯ ಕಾಲು ಬಾತಿದೆ. ಬೆಳ್ತಂಗಡಿಗೆ ಕರಕೊಂಡು ಹೋಗಿದ್ದೆ. ಮೈಯಲ್ಲಿ ರಕ್ತ ಇಲ್ಲ, ಸರಿಯಾಗಿ ತಿನ್ನದಿದ್ರೆ ಮಳೆಗಾಲ ದಾಟುವುದು ಕಷ್ಟ ಅಂತ ಡಾಕ್ಟ್ರು ಹೇಳಿದ್ರು" ಎಂದಳು.

ನಾನು ಮರುದಿನವೇ ಚೀಲ ತುಂಬ ತರಕಾರಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಬಸಳೆ, ಅಲಸಂಡೆ, ಬೆಂಡೆ, ಮೂಲಂಗಿ. ವೇಣೂರು ದಾಟಿ ಬೆಳ್ತಂಗಡಿಗೆ, ಅಲ್ಲಿಂದ ಇನ್ನೊಂದು ಬಸ್ಸು, ಮತ್ತೆ ನಡಿಗೆ. ಅಂಗಳಕ್ಕೆ ಕಾಲಿಡುವಾಗ ತಂಗಿ ನನ್ನ ಚೀಲ ನೋಡಿ ಕಣ್ಣಲ್ಲೇ ಬೇಡ ಬೇಡ ಎಂದಳು. ಅಷ್ಟರಲ್ಲಿ ಅತ್ತೆ ಜಗಲಿಯ ಚಾಪೆಯಿಂದಲೇ ಕೇಳಿದರು.

"ಎಂತ ತಂದದ್ದು?"

"ಸ್ವಲ್ಪ ತರಕಾರಿ ಅತ್ತೆ."

"ಪೇಟೆಯದ್ದಾ?"

"ಪೇಟೆಯದ್ದೇ. ಮತ್ತೆ ನನ್ನ ಅಂಗಡಿಯ ಹಿಂದೆ ಗದ್ದೆ ಉಂಟಾ?"

"ಹಾಗಾದ್ರೆ ದನಕ್ಕೆ ಹಾಕು" ಎಂದು ಅತ್ತೆ ತಂಗಿಗೆ ಹೇಳಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಅಟ್ಟದಲ್ಲಿ ಮನೆಯ ಕಾಯಿ ಇರುವಾಗ ಪೇಟೆಯ ತರಕಾರಿ ಈ ಮನೆಯ ಒಲೆಗೆ ಏರಿದ್ದಿಲ್ಲ. ನನ್ನ ಅತ್ತೆಯ ಕಾಲದಲ್ಲೂ ಇಲ್ಲ."

ನಾನು ಹೇಳಿದೆ, "ಸರಿ, ಹಾಗಾದ್ರೆ ಅಟ್ಟದ್ದನ್ನೇ ಇಳಿಸುವ. ನಾನೇ ಕೊದ್ದೆಲ್ ಮಾಡ್ತೇನೆ."

ತಂಗಿ ಅತ್ತೆಯ ಕಡೆ ನೋಡಿದಳು. ಆಮೇಲೆ ಅತ್ತೆ, "ಕತ್ತಿ ಮಡಗುವವರು ಯಾರು?" ಎಂದರು.

ಆಗ ನನಗೆ ಗಂಟು ಕಂಡಿತು. ಕುಂಬಳ ಇರುವವರೆಗೆ ಬೇರೆ ತರಕಾರಿ ಬರುವಂತಿಲ್ಲ. ಕತ್ತಿ ಇಡುವ ಗಂಡಸಿಲ್ಲದೆ ಕುಂಬಳವನ್ನು ತುಂಡು ಮಾಡುವಂತಿಲ್ಲ. ಒಂದೊಂದು ಕ್ರಮ ಒಂದೊಂದಾಗಿ ಇದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಎರಡೂ ಕೂಡಿದಾಗ ಆ ಮನೆಯಲ್ಲಿ ಉಳಿದದ್ದು ಗಂಜಿ, ಉಪ್ಪು ಮತ್ತು ಹಳೆಯ ಮಿಡಿ ಉಪ್ಪಿನಕಾಯಿ. ಅತ್ತೆ ಅದನ್ನೇ ಉಂಡರು, ಅತ್ತೆ ಉಣ್ಣದ್ದನ್ನು ತಂಗಿಯೂ ಉಣ್ಣಲಿಲ್ಲ.

ಹಿತ್ತಲಲ್ಲಿ ತಂಗಿ ಎಲ್ಲ ಹೇಳಿದಳು. ಕೆಲವು ಕಾಯಿಗಳನ್ನು ಬೊಜ್ಜಕ್ಕೆ ಬಂದು ಸಹಾಯ ಮಾಡಿದ ಮನೆಗಳಿಗೆ ಇಡಿಯಾಗಿಯೇ ಕೊಟ್ಟಿದ್ದಳು. ಕೆಲವು ಕೊಳೆತವು. ಒಂದರ ನೀರು ಅಟ್ಟದ ಹಲಗೆಯ ಸಂದಿಯಿಂದ ಸೋರಿ ಒಲೆಯ ಪಕ್ಕಕ್ಕೆ ಬಿದ್ದಿತ್ತು. ಈಗ ಉಳಿದದ್ದು ಒಂದೇ ಕಾಯಿ.

"ಅದೂ ಕೊಳೆಯಲಿ ಅಂತ ಕಾಯ್ತಾ ಇದ್ದೇನೆ ಅಕ್ಕ" ಎಂದಳು. "ಅದೊಂದು ಹೋದ್ರೆ ಪೇಟೆಯಿಂದ ತರಬಹುದು. ದಿನಾ ಬೆಳಿಗ್ಗೆ ಅಟ್ಟಕ್ಕೆ ಏರಿ ಮುಟ್ಟಿ ನೋಡ್ತೇನೆ. ಗಟ್ಟಿಯೇ ಉಂಟು."

ಗಂಡ ಬೆಳೆಸಿದ ಕಾಯಿ ಕೊಳೆಯಲಿ ಎಂದು ಕಾಯುವುದು ಅವಳಿಗೆ ಹೇಗಾಗಿರಬಹುದು? ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಜೀವನದಲ್ಲಿ ನಾನು ಕಲಿತ ವಿದ್ಯೆ ಒಂದೇ, ಚೌಕಾಶಿ. ಎದುರಿನವರಿಗೆ ಬೇಕಾದದ್ದು ಏನು ಎಂದು ಗೊತ್ತು ಮಾಡಿಕೊಳ್ಳಬೇಕು, ಅದನ್ನು ಬಿಟ್ಟು ಉಳಿದದ್ದರಲ್ಲಿ ಎಳೆಯಬೇಕು. ಅತ್ತೆಗೆ ಕ್ರಮ ಬೇಕು ಎಂದುಕೊಂಡೆ. ಕ್ರಮವನ್ನು ಮುರಿಯದೆ ದಾರಿ ಮಾಡಿ ಕೊಟ್ಟರೆ ಆಯಿತಲ್ಲ. ಅವರ ಕಾಲಿನ ಬಳಿ ಕೂತು ಕಾಲು ಒತ್ತುತ್ತ ಶುರು ಮಾಡಿದೆ.

"ಒಂದು ಕೆಲಸ ಮಾಡುವ ಅತ್ತೆ. ಕಾಯಿಯನ್ನು ನಾನು ಮೂಡುಬಿದಿರೆಗೆ ತಕ್ಕೊಂಡು ಹೋಗ್ತೇನೆ. ನಾಳೆ ಹೋಳು ಮಾಡಿ ತಂದು ಕೊಡ್ತೇನೆ. ಹೋಳಾಗಿ ಬಂದದ್ದಕ್ಕೆ ಯಾರು ಕತ್ತಿ ಮಡಗಿದ್ದು ಅಂತ ಯಾರು ಕೇಳ್ತಾರೆ?"

"ನಾನು ಕೇಳ್ತೇನೆ" ಎಂದರು ಅತ್ತೆ.

"ಆಯ್ತು, ಬೇಡ. ಕಾಯಿ ನನಗೆ ಕೊಡಿ, ಬದಲಿಗೆ ನನ್ನ ತರಕಾರಿ ನೀವು ಇಟ್ಟುಕೊಳ್ಳಿ. ಆಗ ಅಟ್ಟ ಖಾಲಿಯಾಗ್ತದೆ."

"ಇದು ನಿನ್ನ ಅಂಗಡಿಯಾ ಬದಲಾಯಿಸ್ಲಿಕ್ಕೆ? ಅವ ಬೆಳೆಸಿದ್ದು ಈ ಮನೆಯವರು ತಿನ್ಲಿಕ್ಕೆ."

"ಹಾಗಾದ್ರೆ ತಿನ್ನಿ ಅತ್ತೆ!"

ಅವರು ನಕ್ಕರು. ಹಲ್ಲಿಲ್ಲದ ಬಾಯಿ, ಕಣ್ಣಿನಲ್ಲಿ ಪೊರೆ. "ನೀನು ಮಾತಿನಲ್ಲಿ ಸಂತೆಯನ್ನೇ ಮಾರಿ ಬರುವವಳು. ನನ್ನ ಹತ್ರ ಆಗ್ಲಿಕ್ಕಿಲ್ಲ ಮಾರಾಯ್ತಿ, ಹೋಗು, ಚಾ ಕುಡಿ."

ಆ ದಿನ ಸೋತು ವಾಪಸು ಬಂದೆ. ಬಸ್ಸಿನಲ್ಲಿ ಕೂತಾಗ ಇನ್ನೊಂದು ದಾರಿ ಹೊಳೆಯಿತು. ನನ್ನ ಗಂಡ ಇದ್ದಾರಲ್ಲ. ಪರರಲ್ಲ, ಸಂಬಂಧದವರು. ಅಮ್ಮ ದಾರಿಹೋಕರ ಕೈಯಲ್ಲಿ ಮಾಡಿಸುತ್ತಿದ್ದಳು, ಇವರು ಎಷ್ಟೋ ಮೇಲು. ಅತ್ತೆಗೆ ಮೊದಲೇ ಹೇಳಿದರೆ ಬೇಡ ಎನ್ನುತ್ತಾರೆ, ಹೋಗಿ ನಿಂತರೆ ಮನೆಗೆ ಬಂದ ಗಂಡಸಿಗೆ ಇಲ್ಲ ಎನ್ನುವುದು ಸುಲಭವಲ್ಲ. ಹೀಗೆ ಲೆಕ್ಕ ಹಾಕಿ ಅಂಗಡಿಗೆ ರಜೆ ಹಾಕಿ, ಇವರನ್ನು ಕರೆದುಕೊಂಡು ಮತ್ತೆ ಹೋದೆ. ಪತ್ತನಾಜೆ ಹತ್ತಿರ ಬಂದಿತ್ತು. ಮಳೆ ಬರುವ ಮುಂಚೆ ನಮ್ಮಲ್ಲಿ ತರಕಾರಿಯ ಬೀಜ ಹಾಕುವುದು ಆ ದಿನವೇ. ಎಲ್ಲ ಮನೆಗಳ ಎದುರು ನೆಲ ಕೊತ್ತಿ ಸುಡುಮಣ್ಣು ಹಾಕಿದ್ದರು. ತಂಗಿಯ ಅಂಗಳದ ಬದಿಯ ನೆಲ ಮಾತ್ರ ಹಾಗೆಯೇ ಇತ್ತು.

ಇವರು ಅತ್ತೆಯನ್ನು ಮಾತಾಡಿಸಿ, ನೀರು ಕುಡಿದು, ನಾನು ಹೇಳಿಕೊಟ್ಟ ಹಾಗೆ, "ಅಮ್ಮಾ, ಕಾಯಿ ಇಳಿಸ್ತೇನೆ, ಒಂದು ಕತ್ತಿ ಮಡಗಿ ಕೊಡ್ತೇನೆ, ಇವರು ಅಡುಗೆ ಮಾಡ್ಲಿ" ಎಂದರು. ಕತ್ತಿಯನ್ನೂ ಕೈಗೆ ತೆಗೆದುಕೊಂಡರು. ತಂಗಿ ಬಾಗಿಲಿಗೆ ಒರಗಿ ನಿಂತಿದ್ದಳು.

ಅತ್ತೆ ಚಾಪೆಯ ಮೇಲೆ ಎದ್ದು ಕೂತರು. ಆಮೇಲೆ, "ಮಗಾ, ನೀನು ಒಳ್ಳೆಯವ. ನಿನ್ನ ಮೇಲೆ ನನಗೆ ಎಂತದೂ ಇಲ್ಲ" ಎಂದರು. "ಈ ಮನೆಯ ಕಾಯಿಗೆ ಅವನ ಅಪ್ಪ ಕತ್ತಿ ಮಡಗುತ್ತಿದ್ದರು. ಅವರು ಹೋದ ಮೇಲೆ ಅವ. ಈಗ ನೀನು ಮಡಗಿದ್ರೆ ಅವ ಇಲ್ಲ ಅಂತಲೇ ಆಯ್ತಲ್ಲ."

ಇವರು ಕತ್ತಿಯನ್ನು ಮೆಲ್ಲ ಜಗಲಿಯ ಕೆಳಗೆ ಇಟ್ಟರು.

ಬೊಜ್ಜ ಆಗಿತ್ತು, ಮಗನ ಹೆಸರಿನಲ್ಲಿ ಬಾಳೆ ಎಲೆ ಹಾಕಿ ಬಡಿಸಿ ಆಗಿತ್ತು, ಮನೆಯ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿ ಆಗಿತ್ತು. ಅವೆಲ್ಲಕ್ಕೂ ಅತ್ತೆ ಆಗಲಿ ಎಂದಿದ್ದರು. ಇದೊಂದಕ್ಕೆ ಆಗಲಿ ಎನ್ನಲು ಅವರಿಂದ ಆಗಲಿಲ್ಲ. ನಾನು ಅಷ್ಟು ದಿನ ಕ್ರಮದ ಜೊತೆ ಚೌಕಾಶಿ ಮಾಡಿದ್ದೆ. ಎದುರಿಗೆ ಇದ್ದದ್ದು ಕ್ರಮವಲ್ಲ.

ಬಾಯಿಯಲ್ಲಿ ಮಾತು ಉಳಿಯದಿದ್ದಾಗ ಕೈಗೆ ಏನಾದರೂ ಕೆಲಸ ಬೇಕು. ನಾನು ಏಣಿ ಇಟ್ಟು ಅಟ್ಟಕ್ಕೆ ಏರಿದೆ. ಹುಲ್ಲಿನ ನಡುವೆ ಆ ಕಾಯಿ ಒಂಟಿಯಾಗಿ ಕೂತಿತ್ತು. ತೊಟ್ಟು ಒಣಗಿ ಕಟ್ಟಿಗೆ. ಉಗುರು ಒತ್ತಿದೆ, ಇಳಿಯಲಿಲ್ಲ. ಮೈತುಂಬ ಬಿಳಿ ಹುಡಿ. ಸಂತೆಯಲ್ಲಿ ಇಂಥದ್ದು ಸಿಕ್ಕಿದರೆ ನಾನು ಎದೆಗವಚಿಕೊಂಡು ತರುವವಳು. ಈಗ ಕೈ ಹಿಂದೆ ತೆಗೆದೆ. ಇದು ಆಟಿ ದಾಟಿ ಸೋಣ ತಿಂಗಳವರೆಗೂ ನಿಲ್ಲುವ ಕಾಯಿ. ಇದು ಕೊಳೆಯಲಿ ಎಂದು ಕಾದರೆ ಅದಕ್ಕಿಂತ ಮೊದಲು ಅತ್ತೆ ಹೋಗುತ್ತಾರೆ. ಕಾಯಿ ಎಷ್ಟು ಒಳ್ಳೆಯದೋ ಆ ಮನೆಗೆ ಅಷ್ಟು ಕೆಟ್ಟದ್ದು.

ಬದುಕಿನಲ್ಲಿ ಮೊದಲ ಸಲ, ಬೆಲೆ ಇಳಿಸಲಿಕ್ಕಲ್ಲದೆ, ಒಂದು ಕುಂಬಳದಲ್ಲಿ ಕುಂದು ಸಿಗಲಿ ಎಂದು ಬೇಡಿಕೊಂಡೆ. ಕಾಯಿಯನ್ನು ಹೊತ್ತು ಇಳಿದು ಜಗಲಿಯ ಬೆಳಕಿಗೆ ತಂದೆ. ಅಡಿಯ ಮಗ್ಗುಲನ್ನು ಮೇಲೆ ಮಾಡಿದೆ. ಅಲ್ಲಿ ಸಿಕ್ಕಿತು. ಬೆರಳುದ್ದದ ಒಂದು ಗೀರು, ಅದಕ್ಕೆ ಅಡ್ಡವಾಗಿ ಇನ್ನೊಂದು. ಎಳೆಯ ಕಾಯಿಯಲ್ಲಿ ಆದ ಗಾಯ ಕಾಯಿಯ ಜೊತೆಗೇ ಬೆಳೆದು, ಒಣಗಿ, ತೊಗಟೆಯ ಹಾಗೆ ದಪ್ಪಗೆ ಎದ್ದು ನಿಂತಿತ್ತು.

"ಇಲ್ಲಿ ಗಾಯ ಉಂಟು" ಎಂದೆ ತಂಗಿಗೆ, ಮೆಲ್ಲಗೆ. "ಮಳೆಯ ತಂಡಿ ಬಂದ ಕೂಡ್ಲೆ ಇಲ್ಲಿಂದ ನೀರು ಇಳೀತದೆ. ಜಾಸ್ತಿ ದಿನ ನಿಲ್ಲುವ ಕಾಯಿ ಅಲ್ಲ ಇದು."

ಅದು ಸುಳ್ಳು. ಅಂಥ ಒಣಗಿದ ಗಾಯದಿಂದ ಏನೂ ಇಳಿಯುವುದಿಲ್ಲ. ಸಂತೆಯ ಬಾಯಿ, ಅಭ್ಯಾಸದಿಂದ ಬಂತು.

ತಂಗಿ ಬಗ್ಗಿ ನೋಡಿದಳು. "ಅದು ಗಾಯ ಅಲ್ಲ ಅಕ್ಕ" ಎಂದಳು. "ಅವರೇ ಹಾಕಿದ್ದು. ಬೀಜಕ್ಕೆ ಬಿಡುವ ಕಾಯಿಗೆ ಅವರು ಯಾವಾಗ್ಲೂ ಗುರುತು ಮಾಡ್ತಾರೆ. ತಪ್ಪಿ ಯಾರಾದ್ರೂ ಎಳತು ಇರುವಾಗ ಕೊಯ್ಯಬಾರ್ದು ಅಂತ. ಈ ಸಲ ಇದೊಂದಕ್ಕೇ ಹಾಕಿದ್ರು. ನಾನು ನೀರಿನ ಕೊಡ ಹಿಡ್ಕೊಂಡು ಅಲ್ಲಿಯೇ ಇದ್ದೆ."

ಅತ್ತೆ ತಲೆ ಎತ್ತಿದರು. "ಎಂತ ಹಾಕಿದ್ದು?"

"ಗುರುತು ಅತ್ತೆ. ಬೀಜಕ್ಕೆ."

"ಯಾವುದರಲ್ಲಿ?"

"ಕತ್ತಿಯಲ್ಲಿ. ಹುಲ್ಲು ಕೊಯ್ಯುವ ಕತ್ತಿಯಲ್ಲಿ."

"ಇಲ್ಲಿ ತಾ."

ನಾನು ಕಾಯಿಯನ್ನು ಅವರ ಮಡಿಲಿನ ಹತ್ತಿರ ಇಟ್ಟೆ. ಪೊರೆ ಬಂದ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಹೆಬ್ಬೆರಳಿನಿಂದ ಹುಡುಕಿದರು. ಗೀರು ಸಿಕ್ಕಿತು. ಬೆರಳು ಅದರ ಈ ತುದಿಯಿಂದ ಆ ತುದಿಗೆ ಹೋಯಿತು, ಅಡ್ಡ ಗೀರಿಗೆ ಬಂತು, ಅದರ ಮೇಲೂ ಹೋಯಿತು. ಮತ್ತೆ ಮೊದಲಿನಿಂದ.

ನಾನು ಬಾಯಿ ತೆರೆಯಲಿಕ್ಕೆ ಹೊರಟಿದ್ದೆ. ಇವರು ನನ್ನ ಮೊಣಕೈ ಹಿಡಿದರು. ಅದು ನಾನೇ ಇವರಿಗೆ ಎಷ್ಟೋ ಸಲ ಹೇಳಿಕೊಟ್ಟ ಪಾಠ. ಎದುರಿನವರು ತಮ್ಮೊಳಗೇ ಯೋಚಿಸುತ್ತಿರುವಾಗ ವ್ಯಾಪಾರಿ ಬಾಯಿ ತೆರೆದರೆ ವ್ಯಾಪಾರ ಕೆಟ್ಟಿತು. ನಿಮಗೂ ಹೇಳುತ್ತೇನೆ, ಸಂತೆಯಲ್ಲಿ ಮಾತ್ರವಲ್ಲ, ಎಲ್ಲಿಯೂ ಅಷ್ಟೇ.

"ಹಾಗಾದ್ರೆ ಅವ ಆಗಲೇ ಕತ್ತಿ ಮಡಗಿದ್ದಾನೆ" ಎಂದರು ಅತ್ತೆ.

"ಮಡಗಿ ಹೋಗಿದ್ದಾನೆ" ಎಂದರು ಇನ್ನೊಮ್ಮೆ. ಈ ಸಲ 'ಹೋಗಿದ್ದಾನೆ' ಎನ್ನುವಾಗ ಸ್ವರ ಸಣ್ಣದಾಯಿತು. ಅಷ್ಟು ತಿಂಗಳಲ್ಲಿ ಮಗನ ವಿಷಯದಲ್ಲಿ ಆ ಮಾತನ್ನು ಅವರ ಬಾಯಿಯಿಂದ ನಾನು ಕೇಳಿದ್ದು ಅದೇ ಮೊದಲು. ಕಾಯಿಯ ಮೇಲೆ ಎರಡೂ ಕೈ ಇಟ್ಟು, ತಲೆ ಬಗ್ಗಿಸಿ ಕೂತರು. ತಂಗಿ ಹೋಗಿ ಅವರ ಪಕ್ಕದಲ್ಲಿ ಕೂತಳು. ಇವರು ಅಂಗಳಕ್ಕೆ ಇಳಿದು ದನದ ಹಗ್ಗ ಸರಿಮಾಡುವವರ ಹಾಗೆ ಆ ಕಡೆ ತಿರುಗಿ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಸೆರಗಿನಿಂದ ಮೂಗು ಒರಸಿಕೊಂಡು ತಂಗಿಗೆ ಹೇಳಿದರು, "ಕತ್ತಿ ತಾ. ಗೀರಿನ ಮೇಲೆಯೇ ಮಡಗು. ಮುಂದಿನದ್ದು ನಿನ್ನ ಕೆಲಸ."

ತಂಗಿ ಕತ್ತಿ ತಂದಳು. ಬಲಿತ ಕುಂಬಳ ಒಂದೇ ಏಟಿಗೆ ಒಡೆಯುವುದಿಲ್ಲ. ಕತ್ತಿಯ ಮೂತಿಯನ್ನು ಊರಿ, ಹಿಂಭಾಗಕ್ಕೆ ಒಂದು ಕಲ್ಲಿನಿಂದ ಮೆಲ್ಲ ಬಡಿದು, ಕಾಯಿಯನ್ನು ತಿರುಗಿಸುತ್ತ ಹೋಗಬೇಕು. ಅವಳ ಮೊದಲ ಏಟಿಗೆ ಕತ್ತಿ ಜಾರಿತು. ನನಗೆ ತಡೆಯಲಾಗಲಿಲ್ಲ. "ತೊಟ್ಟಿನ ಹತ್ರ ಬೇಡ, ಅಲ್ಲಿ ಕತ್ತಿ ಸಿಕ್ಕಿ ಹಾಕಿಕೊಳ್ತದೆ. ಸ್ವಲ್ಪ ಓರೆ ಹಿಡಿ. ಹಾಗಲ್ಲ, ಹೀಗೆ" ಎಂದೆ.

"ನೀನು ಸುಮ್ಮನಿರು ಮಾರಾಯ್ತಿ" ಎಂದರು ಅತ್ತೆ. "ಅವಳಿಗೆ ಕೈ ಇಲ್ಲವಾ?"

ಕಾಯಿ ಎರಡು ಭಾಗವಾಯಿತು. ಜಗಲಿಯೆಲ್ಲ ಆ ಹಸಿ ವಾಸನೆ ತುಂಬಿತು. ಒಳಗೆ ಅದೇ ಅರಸಿನದ ಬಣ್ಣ, ನಾರಿನ ನಡುವೆ ದಪ್ಪ ದಪ್ಪ ಬೀಜ. ತಂಗಿ ಒಂದೂ ಬಿಡದೆ ಬೀಜವನ್ನೆಲ್ಲ ಬೆರಳಿನಿಂದ ತೆಗೆದು ತೊಳೆದಳು, ಬೂದಿಯಲ್ಲಿ ಹೊರಳಿಸಿದಳು. ಅತ್ತೆ ಕೂತಲ್ಲಿಂದಲೇ, "ಜಳ್ಳು ಬೇಡ, ನೀರಲ್ಲಿ ಮುಳುಗಿದ್ದನ್ನು ಮಾತ್ರ ಇಡು" ಎಂದರು.

ಅಡುಗೆ ನಾನು ಮಾಡಿದೆ. ಸಿಪ್ಪೆ ಸಹಿತ ದೊಡ್ಡ ಹೋಳು. ಉಪ್ಪು, ಸ್ವಲ್ಪ ಹುಣಸೆ ನೀರು, ಒಂದು ತುಂಡು ಬೆಲ್ಲ ಹಾಕಿ ಬೇಯಲು ಇಟ್ಟೆ. ತೆಂಗಿನತುರಿಗೆ ಹುರಿದ ಒಣಮೆಣಸು ಹಾಕಿ ನುಣ್ಣಗೆ ಅರೆದೆ. ಹೋಳು ಬೆಂದು, ಆದರೆ ಒಡೆಯದೆ ಇರುವಾಗ ಅರೆದದ್ದನ್ನು ಸೇರಿಸಬೇಕು, ಅದು ಮುಖ್ಯ. ಕುದಿ ಬಂದ ಮೇಲೆ ಜಜ್ಜಿದ ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಮಾಡಿ ಮೇಲಿನಿಂದ ಹೊಯ್ಯಬೇಕು, ಕೂಡಲೇ ಮುಚ್ಚಬೇಕು. ಅಂಗಡಿಯಲ್ಲಿ ನಾನು ಇದನ್ನು ಕಣ್ಣು ಮುಚ್ಚಿ ಮಾಡುತ್ತೇನೆ. ಆ ದಿನ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ನಾಲಗೆಗೆ ಹಚ್ಚಿ ನೋಡಿದೆ.

ಗಂಜಿಯ ಬಟ್ಟಲಿನ ಬದಿಗೆ ತಂಗಿ ಒಂದು ಹೋಳು ಬಡಿಸಿದಳು. ಅತ್ತೆ ಅದನ್ನು ಬೆರಳಿನಿಂದ ಅಮುಕಿ, ಗಂಜಿಗೆ ಕಲಸಿ, ಬಾಯಿಗಿಟ್ಟರು. ನಾವು ಮೂವರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು. ಅವರಿಗೆ ಅದು ಗೊತ್ತಾಯಿತು.

"ಬೆಲ್ಲ ಹಾಕಿದ್ದು ಯಾರು?"

"ನಾನು ಅತ್ತೆ."

"ಕಂಡಿತು. ಅಂಗಡಿಯ ಕೈ. ಗಿರಾಕಿ ಓಡಿ ಹೋಗ್ಬಾರ್ದು ಅಂತ ಸಿಹಿ ಹಾಕುವುದು. ಈ ಕಾಯಿಗೆ ಬೆಲ್ಲ ಬೇಡ, ಅದಕ್ಕೆ ಅದರದ್ದೇ ಸಿಹಿ ಉಂಟು."

ಬಟ್ಟಲು ಮುಂದೆ ಮಾಡಿದರು. ತಂಗಿ ಇನ್ನೊಂದು ಹೋಳು ಹಾಕಿದಳು, ಆಮೇಲೆ ತನ್ನ ಬಟ್ಟಲಿಗೂ ಹಾಕಿಕೊಂಡಳು. ಉಣ್ಣುವಾಗ ಅವಳ ಕಣ್ಣಿನಿಂದ ನೀರು ಗಂಜಿಗೆ ಬೀಳುತ್ತಿತ್ತು. ಅವಳು ಒರಸಿಕೊಳ್ಳಲೂ ಇಲ್ಲ, ಉಣ್ಣುವುದನ್ನು ನಿಲ್ಲಿಸಲೂ ಇಲ್ಲ.

ಉಳಿದ ಅರ್ಧವನ್ನು ತುರಿದು, ನೆನೆಹಾಕಿದ ಬೆಳ್ತಿಗೆ ಅಕ್ಕಿಯ ಜೊತೆ ನೀರು ಸೋಕಿಸದೆ ತರಿತರಿಯಾಗಿ ರುಬ್ಬಿ, ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ಗಟ್ಟಿ ಎಂಬ ಎಲೆಕಡುಬು ಬೇಯಿಸಿದೆವು. ತುರಿದ ಕುಂಬಳವೇ ನೀರು ಬಿಡುತ್ತದೆ, ನೀವು ಹಾಕಿದರೆ ಗಟ್ಟಿ ಎಲೆಗೆ ಅಂಟಿಕೊಳ್ಳುತ್ತದೆ. ಅದಕ್ಕೂ ನಾನು ಬೆಲ್ಲ ಹಾಕಲಿಲ್ಲ. ಹೊರಡುವಾಗ ಅತ್ತೆ ಇವರ ಕೈಗೆ ಎರಡು ಗಟ್ಟಿ ಕಟ್ಟಿ ಕೊಡಿಸಿದರು. "ಬೇಜಾರ ಮಾಡ್ಬೇಡ ಮಗಾ" ಎಂದರು. ಇವರು, "ಇಲ್ಲಮ್ಮ" ಎಂದಷ್ಟೇ ಹೇಳಿ ಗಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಟ್ಟ ಖಾಲಿಯಾದ ಮೇಲೆ ಪೇಟೆಯ ತರಕಾರಿ ಆ ಮನೆಯ ಒಲೆಗೆ ಏರಿತು. ಬಸಳೆ ತಂದದ್ದನ್ನು ತಂಗಿ ಫೋನಿನಲ್ಲಿ ಹಬ್ಬದ ಸುದ್ದಿಯ ಹಾಗೆ ಹೇಳಿದಳು. ಅತ್ತೆಯ ಕಾಲಿನ ಬಾವು ಒಮ್ಮೆಲೇ ಇಳಿಯಲಿಲ್ಲ. ಮದ್ದು, ಊಟ ಎರಡೂ ಸೇರಿ ನಿಧಾನವಾಗಿ ಇಳಿಯಿತು. ಪತ್ತನಾಜೆಗೆ ಅಂಗಳದ ಬದಿಯ ನೆಲವನ್ನು ಕೊತ್ತಿ, ಸುಡುಮಣ್ಣು ಹಾಕಿ ತಂಗಿ ಬೀಜ ಊರಿದಳು. ಉಳಿದ ಬೀಜವನ್ನು ಸೆಗಣಿಯ ಬೆರಣಿಗೆ ಒತ್ತಿ, ಅಡುಗೆಮನೆಯ ಗೋಡೆಗೆ ತಟ್ಟಿ ಇಟ್ಟಳು. ಗದ್ದೆಯ ಕೊಯ್ಲು ಮುಗಿದ ಮೇಲೆ ಹಾಕಲಿಕ್ಕೆ.

ಮಳೆ ಸ್ವಲ್ಪ ಬಿಟ್ಟ ಸೋಣದಲ್ಲಿ ನಾನು ಹೋದಾಗ ಬಳ್ಳಿ ಅಂಗಳದ ಕಲ್ಲು ಕಟ್ಟೆಯನ್ನು ದಾಟಿ ಕೆಳಗಿನ ಬೇಲಿಯ ದಾಟುಬಾಗಿಲು, ಆ ತೊಡಮೆಯವರೆಗೆ ಹಬ್ಬಿತ್ತು. ಎಲೆಗಳ ಅಡಿಯಲ್ಲಿ ತೆಂಗಿನಕಾಯಿಯಷ್ಟಾದ ಕಾಯಿಗಳು. ಅತ್ತೆ ಕೋಲು ಊರಿಕೊಂಡು ಅಂಗಳಕ್ಕೆ ಇಳಿದಿದ್ದರು. ಕೋಲಿನ ತುದಿಯಿಂದ ಎಲೆ ಸರಿಸಿ, ಬಗ್ಗಿ, ಒಂದೊಂದೇ ಕಾಯಿಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ನಾನು, "ಆ ಬದಿಯದ್ದು ಚಂದ ಉಂಟು ಅತ್ತೆ, ತೊಟ್ಟು ದಪ್ಪ" ಎಂದೆ.

"ನಿನ್ನನ್ನು ಕೇಳಿದ್ದು ಯಾರು?" ಎಂದರು. ಆದರೆ ನಾನು ಹೇಳಿದ ಕಾಯಿಯ ಹತ್ತಿರವೇ ನಿಂತರು.

"ಏ, ಇಲ್ಲಿ ಬಾ" ಎಂದು ತಂಗಿಯನ್ನು ಕರೆದರು. "ಹುಲ್ಲಿನ ಕತ್ತಿ ತಕ್ಕೊಂಡು ಬಾ. ಇದು ಬೀಜಕ್ಕೆ ಇರಲಿ."

ತಂಗಿ ಒಳಗಿನಿಂದ ಕತ್ತಿ ತಂದು ಅತ್ತೆಯ ಕೈಗೆ ಚಾಚಿದಳು. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ಎಲೆಯನ್ನು ಕೋಲಿನಿಂದ ಒತ್ತಿ ಹಿಡಿದು ಪಕ್ಕಕ್ಕೆ ಸರಿದು ನಿಂತರು.

"ನೀನೇ ಹಾಕು" ಎಂದರು. "ಅಡಿಯ ಮಗ್ಗುಲಿಗೆ. ಆಳ ಬೇಡ."

ತಂಗಿ ಮೊಣಕಾಲೂರಿ ಕೂತು, ಎಳೆಯ ಕಾಯಿಯನ್ನು ಬಳ್ಳಿಗೆ ನೋವಾಗದ ಹಾಗೆ ಮೆಲ್ಲ ತಿರುಗಿಸಿ, ಒಂದು ಗೀರು ಎಳೆದಳು. ಅದಕ್ಕೆ ಅಡ್ಡವಾಗಿ ಇನ್ನೊಂದು.